ರಾಷ್ಟ್ರಪತಿಯ ಸಹಿ ಮತ್ತು ಜತ್ತಿಯವರು ತಡೆದ ಒಂದು ದಿನ

ಕೆಲವು ತಿಂಗಳ ಹಿಂದೆ ಜಮಖಂಡಿ ಕಡೆಯ ಹಿರಿಯರೊಬ್ಬರು ಧಾರವಾಡದ ನನ್ನ ಕಚೇರಿಗೆ ಬಂದಿದ್ದರು. ಹೊಲದ ಹಿಸ್ಸೆಯ ವ್ಯಾಜ್ಯದಲ್ಲಿ ಅವರ ಎರಡನೇ ಮೇಲ್ಮನವಿ ಹೈಕೋರ್ಟಿನಲ್ಲಿ ವಜಾ ಆಗಿತ್ತು. ಕೈಯಲ್ಲಿ ನಾಲ್ಕು ಪುಟಗಳ ಟೈಪು ಮಾಡಿಸಿದ ಅರ್ಜಿ, ಪ್ರತಿ ಪುಟದ ಕೆಳಗೂ ಸಹಿ, ಮೇಲ್ಗಡೆ 'ಘನತೆವೆತ್ತ ರಾಷ್ಟ್ರಪತಿಯವರ ಸನ್ನಿಧಾನಕ್ಕೆ' ಎಂಬ ಒಕ್ಕಣೆ. ಹೈಕೋರ್ಟಿನ ತೀರ್ಪನ್ನು ರದ್ದುಪಡಿಸಬೇಕು ಎಂಬುದು ಅವರ ಕೋರಿಕೆ. "ಸಾಹೇಬ್ರ, ಎಲ್ಲಾರಕಿಂತ ಮ್ಯಾಲಿನವ್ರು ಅವ್ರ ಅಲ್ರೀ? ನಮ್ಮ ಸಾವಳಗಿ ಜತ್ತಿಯವರೂ ಆ ಕುರ್ಚ್ಯಾಗ ಕುಂತಿದ್ರು. ಅವ್ರಿದ್ದಿದ್ರ ನಮ್ಮ ಕೆಲಸ ಒಂದ ದಿನದಾಗ ಆಕ್ಕಿತ್ತು," ಎಂದರು.

ಇಂತಹ ಅರ್ಜಿಗಳು ನಮ್ಮ ವೃತ್ತಿಯಲ್ಲಿ ಹೊಸತಲ್ಲ. ಅವುಗಳ ಹಿಂದಿರುವ ನಂಬಿಕೆಯನ್ನು ತಳ್ಳಿಹಾಕುವುದೂ ಸುಲಭವಲ್ಲ, ಏಕೆಂದರೆ ಸಂವಿಧಾನದ 53ನೇ ವಿಧಿಯನ್ನಷ್ಟೇ ಓದಿದರೆ ಆ ಹಿರಿಯರು ಹೇಳಿದ್ದೇ ಸರಿ ಎನಿಸುತ್ತದೆ. ಒಕ್ಕೂಟದ ಕಾರ್ಯಾಂಗದ ಅಧಿಕಾರವೆಲ್ಲ ರಾಷ್ಟ್ರಪತಿಯಲ್ಲಿ ನಿಹಿತವಾಗಿದೆ, ರಕ್ಷಣಾ ಪಡೆಗಳ ಪರಮೋಚ್ಚ ದಂಡನಾಯಕತ್ವವೂ ಅವರದೇ ಎಂದು ಆ ವಿಧಿ ಹೇಳುತ್ತದೆ. ಆದರೆ ಸಂವಿಧಾನವನ್ನು ಒಂದು ವಿಧಿ ಹಿಡಿದು ಓದುವವರು ದಾರಿ ತಪ್ಪುವುದು ಖಂಡಿತ. 74ನೇ ವಿಧಿಯ ಪ್ರಕಾರ ರಾಷ್ಟ್ರಪತಿಗೆ ನೆರವು ಮತ್ತು ಸಲಹೆ ನೀಡಲು ಪ್ರಧಾನಮಂತ್ರಿಯ ನೇತೃತ್ವದ ಮಂತ್ರಿಮಂಡಲವೊಂದು ಇರಲೇಬೇಕು, ಮತ್ತು ಆ ಸಲಹೆಯಂತೆಯೇ ರಾಷ್ಟ್ರಪತಿ ನಡೆಯಬೇಕು.

ಇದರ ಅರ್ಥ ಹಿಡಿಯಲು ದೆಹಲಿಗೆ ಹೋಗಬೇಕಾಗಿಲ್ಲ. ನಮ್ಮ ರಾಜ್ಯದ ಯಾವ ಸರ್ಕಾರಿ ಆದೇಶವನ್ನಾದರೂ ತೆಗೆದು ಕೊನೆಯ ಪುಟ ನೋಡಿ: 'ಕರ್ನಾಟಕ ರಾಜ್ಯಪಾಲರ ಆದೇಶಾನುಸಾರ ಮತ್ತು ಅವರ ಹೆಸರಿನಲ್ಲಿ' ಎಂದು ಬರೆದಿರುತ್ತದೆ, ಅದರ ಕೆಳಗೆ ಇಲಾಖೆಯ ಅಧೀನ ಕಾರ್ಯದರ್ಶಿಯ ಸಹಿ ಇರುತ್ತದೆ. ಶಾಲಾ ಕಟ್ಟಡದ ಅನುದಾನದ ಆ ಆದೇಶವನ್ನು ರಾಜ್ಯಪಾಲರು ಕಣ್ಣಿನಿಂದಲೂ ಕಂಡಿರುವುದಿಲ್ಲ. ಕೇಂದ್ರದಲ್ಲಿ ಇದೇ ಕ್ರಮ 77ನೇ ವಿಧಿಯಡಿ ರಾಷ್ಟ್ರಪತಿಯ ಹೆಸರಿನಲ್ಲಿ ನಡೆಯುತ್ತದೆ. ಸಂವಿಧಾನದಲ್ಲಿ ಅಲ್ಲಲ್ಲಿ ಬರುವ 'ರಾಷ್ಟ್ರಪತಿಗೆ ಮನದಟ್ಟಾದರೆ' ಎಂಬಂತಹ ಮಾತುಗಳು ಅವರ ವೈಯಕ್ತಿಕ ಮನಸ್ಸನ್ನು ಕುರಿತವಲ್ಲ, ಮಂತ್ರಿಮಂಡಲದ ತೀರ್ಮಾನವನ್ನು ಕುರಿತವು ಎಂದು ಸುಪ್ರೀಂ ಕೋರ್ಟಿನ ಏಳು ನ್ಯಾಯಮೂರ್ತಿಗಳ ಪೀಠ 1974ರ ಶಂಶೇರ್ ಸಿಂಗ್ ಪ್ರಕರಣದಲ್ಲಿ ಸ್ಪಷ್ಟಪಡಿಸಿತು.

ಅಲ್ಲಿಯವರೆಗೆ ಈ ವಿಷಯದಲ್ಲಿ ಅನುಮಾನವಿತ್ತೇ ಎಂದು ಕೇಳಬಹುದು. ಇತ್ತು, ಅದೂ ಮೊದಲ ರಾಷ್ಟ್ರಪತಿಗೇ ಇತ್ತು. ಸಂವಿಧಾನ ಸಭೆಯ ಅಧ್ಯಕ್ಷರಾಗಿ 1949ರ ನವೆಂಬರ್ 26ರಂದು ಮಾತನಾಡಿದ ಬಾಬು ರಾಜೇಂದ್ರ ಪ್ರಸಾದರು, ಮಂತ್ರಿಗಳ ಸಲಹೆಗೆ ರಾಷ್ಟ್ರಪತಿ ಬದ್ಧರೆಂಬ ನಿರ್ದಿಷ್ಟ ವಾಕ್ಯ ಸಂವಿಧಾನದಲ್ಲಿ ಇಲ್ಲದಿದ್ದರೂ ಇಂಗ್ಲೆಂಡಿನ ದೊರೆಯ ವಿಷಯದಲ್ಲಿರುವ ಸಂಪ್ರದಾಯವೇ ಇಲ್ಲಿಯೂ ನೆಲೆಗೊಳ್ಳಲಿ ಎಂದು ಆಶಿಸಿದ್ದರು. ಎರಡು ವರ್ಷ ತುಂಬುವ ಮೊದಲೇ, 1951ರ ಸೆಪ್ಟೆಂಬರಿನಲ್ಲಿ, ಹಿಂದೂ ಸಂಹಿತೆಯ ಮಸೂದೆಯ ಬಗ್ಗೆ ತಮ್ಮ ಸ್ವಂತ ವಿವೇಚನೆಯಂತೆ ನಡೆಯುವ ಹಕ್ಕು ತಮಗಿದೆ ಎಂಬ ಧಾಟಿಯಲ್ಲಿ ಅದೇ ಪ್ರಸಾದರು ನೆಹರೂ ಅವರಿಗೆ ಪತ್ರ ಬರೆದರು. ನೆಹರೂ ಅಟಾರ್ನಿ ಜನರಲ್ ಸೆತಲ್ವಾಡ್ ಮತ್ತು ಅಲ್ಲಾಡಿ ಕೃಷ್ಣಸ್ವಾಮಿ ಅಯ್ಯರ್ ಅವರ ಅಭಿಪ್ರಾಯ ಕೇಳಿದರು. ಇಬ್ಬರೂ ರಾಷ್ಟ್ರಪತಿಗೆ ಅಂತಹ ಹಕ್ಕಿಲ್ಲವೆಂದೇ ಹೇಳಿದರು. ಕುರ್ಚಿಯಲ್ಲಿ ಕೂತ ಮೇಲೆ ಸಂವಿಧಾನ ಬೇರೆ ಥರ ಕಾಣಿಸತೊಡಗುವುದು ದೊಡ್ಡವರಿಗೂ ತಪ್ಪಿದ್ದಲ್ಲ.

ಸಂಪ್ರದಾಯವಾಗಿದ್ದದ್ದನ್ನು 1976ರಲ್ಲಿ, ತುರ್ತು ಪರಿಸ್ಥಿತಿಯ ನಡುವೆ, 42ನೇ ತಿದ್ದುಪಡಿ ಕಡ್ಡಾಯದ ಮಾತಾಗಿಸಿತು: ರಾಷ್ಟ್ರಪತಿಯು ಸಲಹೆಗೆ ಅನುಸಾರವಾಗಿ ನಡೆಯತಕ್ಕದ್ದು. ಮರುಮಾತಿಗೆ, ಮರುಯೋಚನೆಗೆ ಎಡೆಯೇ ಇರಲಿಲ್ಲ. ಆ ವಾಕ್ಯದ ಬಿಸಿ ತಟ್ಟಿದ್ದು ನಮ್ಮ ಬಿ.ಡಿ. ಜತ್ತಿಯವರಿಗೆ. ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿದ್ದ ಅವರು 1977ರಲ್ಲಿ ಉಪರಾಷ್ಟ್ರಪತಿ. ಫೆಬ್ರುವರಿ 11ರಂದು ಫಕ್ರುದ್ದೀನ್ ಅಲಿ ಅಹ್ಮದ್ ನಿಧನರಾದ ಕಾರಣ ಹಂಗಾಮಿ ರಾಷ್ಟ್ರಪತಿಯಾದರು. ಮಾರ್ಚಿನ ಚುನಾವಣೆಯಲ್ಲಿ ಗೆದ್ದು ಬಂದ ಮೊರಾರ್ಜಿ ದೇಸಾಯಿ ಸರ್ಕಾರ ಕಾಂಗ್ರೆಸ್ ಆಳ್ವಿಕೆಯ ಒಂಬತ್ತು ರಾಜ್ಯಗಳ ವಿಧಾನಸಭೆಗಳನ್ನು ವಿಸರ್ಜಿಸಲು ಹೊರಟಿತು. ರಾಜ್ಯಗಳು ಸುಪ್ರೀಂ ಕೋರ್ಟಿಗೆ ಹೋದವು, ಏಪ್ರಿಲ್ 29ರಂದು ಅಲ್ಲಿ ಸೋತವು. ಸಲಹೆಯ ಕಡತ ಜತ್ತಿಯವರ ಮುಂದೆ ಬಂದಾಗ ಅವರು ಒಡನೆಯೇ ಸಹಿ ಹಾಕಲಿಲ್ಲ. ಒಂದು ದಿನ ತಡೆದರು. ದೆಹಲಿಯಲ್ಲಿ ಗದ್ದಲವಾಯಿತು. ಏಪ್ರಿಲ್ 30ರಂದು ಸಹಿ ಬಿತ್ತು.

ಆ ಒಂದು ದಿನವನ್ನು ಹಲವರು ಜತ್ತಿಯವರ ಹಿಂಜರಿಕೆ ಎಂದು ಬರೆದಿದ್ದಾರೆ. ವಕೀಲನಾಗಿ ನನಗೆ ಅದು ಬೇರೆಯಾಗಿ ಕಾಣುತ್ತದೆ. ನಿರಾಕರಿಸುವ ಅಧಿಕಾರ ಅವರಿಗಿರಲಿಲ್ಲ, ಅದು ಸರಿಯೇ. ಆದರೆ 'ಇನ್ನೊಮ್ಮೆ ಯೋಚಿಸಿ' ಎಂದು ಬರೆದು ಕಳಿಸುವ ಅವಕಾಶವೂ ಅಂದಿನ 74ನೇ ವಿಧಿಯಲ್ಲಿ ಇರಲಿಲ್ಲ. ಕೇಳುವ ಹಕ್ಕಿಲ್ಲದವನ ಕೈಯಲ್ಲಿ ಉಳಿಯುವುದು ತಡಮಾಡುವುದೊಂದೇ. ಮರುವರ್ಷ, 1978ರಲ್ಲಿ, ಅದೇ ಮೊರಾರ್ಜಿ ಸರ್ಕಾರ 44ನೇ ತಿದ್ದುಪಡಿಯ ಮೂಲಕ 74ನೇ ವಿಧಿಗೆ ಪರಂತುಕವೊಂದನ್ನು, ಅಂದರೆ ಷರತ್ತಿನ ವಾಕ್ಯವೊಂದನ್ನು, ಸೇರಿಸಿತು: ಸಲಹೆಯನ್ನು ಮರುಪರಿಶೀಲಿಸುವಂತೆ ರಾಷ್ಟ್ರಪತಿ ಮಂತ್ರಿಮಂಡಲವನ್ನು ಕೇಳಬಹುದು, ಮರುಪರಿಶೀಲನೆಯ ನಂತರ ಬಂದ ಸಲಹೆಯಂತೆ ನಡೆಯತಕ್ಕದ್ದು. ಜತ್ತಿಯವರ ತಡದಿಂದ ಸಿಡಿಮಿಡಿಗೊಂಡವರೇ ಮುಂದಿನ ರಾಷ್ಟ್ರಪತಿಗಳಿಗೆ ಆ ಬಾಗಿಲು ತೆರೆದುಕೊಟ್ಟರು.

ರಾಷ್ಟ್ರಪತಿಯ ನಿಜವಾದ ಅಧಿಕಾರವನ್ನು ನಾನು ಈ ಪರಂತುಕದಲ್ಲಿ ಕಾಣುತ್ತೇನೆ, 53ನೇ ವಿಧಿಯ ಘನವಾದ ಮಾತುಗಳಲ್ಲಲ್ಲ. ಅದನ್ನು ಚೆನ್ನಾಗಿ ಬಳಸಿದವರು ಕೆ.ಆರ್. ನಾರಾಯಣನ್. 1997ರ ಅಕ್ಟೋಬರಿನಲ್ಲಿ ಉತ್ತರ ಪ್ರದೇಶದ ಕಲ್ಯಾಣ್ ಸಿಂಗ್ ಸರ್ಕಾರವನ್ನು ವಜಾ ಮಾಡಲು ಗುಜ್ರಾಲ್ ಸಂಪುಟ ಶಿಫಾರಸು ಮಾಡಿದಾಗ ಅದನ್ನು ಹಿಂದಿರುಗಿಸಿದರು, ಸಂಪುಟ ಕೈಬಿಟ್ಟಿತು. 1998ರ ಸೆಪ್ಟೆಂಬರಿನಲ್ಲಿ ಬಿಹಾರದ ಬಗ್ಗೆ ವಾಜಪೇಯಿ ಸಂಪುಟದ ಶಿಫಾರಸನ್ನೂ ಹಾಗೆಯೇ ಹಿಂದಿರುಗಿಸಿದರು. ಎರಡು ಸರ್ಕಾರಗಳು, ಎರಡು ವಿರುದ್ಧ ಪಕ್ಷಗಳು, ಒಂದೇ ಮಾನದಂಡ. ಹಿಂದಿರುಗಿಸಿದ್ದನ್ನೇ ಮತ್ತೆ ಕಳಿಸಲು ಸಂಪುಟಕ್ಕೆ ಕಾನೂನಿನ ಅಡ್ಡಿಯಿಲ್ಲ. ಆದರೆ ಹಾಗೆ ಕಳಿಸಿದರೆ ದೇಶದ ಮುಂದೆ ಉತ್ತರ ಕೊಡಬೇಕಾಗುತ್ತದೆ ಎಂಬ ಮುಜುಗರವಿದೆಯಲ್ಲ, ಪರಂತುಕದ ಕಸುವೆಲ್ಲ ಅದರಲ್ಲಿದೆ.

ಮಸೂದೆಗಳಿಗೂ 111ನೇ ವಿಧಿಯಡಿ ಇಂತಹದೇ ಒಂದು ಸುತ್ತು ಇದೆ. ಹಣಕಾಸಿನ ಮಸೂದೆಯನ್ನು ಹಿಂದಿರುಗಿಸುವಂತಿಲ್ಲ. ಸಂವಿಧಾನ ತಿದ್ದುಪಡಿಯ ಮಸೂದೆಗೆ 1971ರ 24ನೇ ತಿದ್ದುಪಡಿಯ ನಂತರ ಅಂಕಿತ ಹಾಕಲೇಬೇಕು. ಉಳಿದ ಮಸೂದೆಗಳನ್ನು ಒಮ್ಮೆ ಹಿಂದಿರುಗಿಸಬಹುದು, ಸಂಸತ್ತು ಮತ್ತೆ ಅಂಗೀಕರಿಸಿದರೆ ಅಂಕಿತ ತಡೆಯುವಂತಿಲ್ಲ. ಲಾಭದಾಯಕ ಹುದ್ದೆಗಳ ಮಸೂದೆಯನ್ನು ಅಬ್ದುಲ್ ಕಲಾಂ 2006ರ ಮೇ ತಿಂಗಳಲ್ಲಿ ಹಿಂದಿರುಗಿಸಿದರು. ಸಂಸತ್ತು ಅದನ್ನೇ ಮತ್ತೆ ಅಂಗೀಕರಿಸಿ ಕಳಿಸಿತು, ಆಗಸ್ಟಿನಲ್ಲಿ ಅವರು ಸಹಿ ಹಾಕಿದರು. ಗ್ಯಾನಿ ಜೈಲ್ ಸಿಂಗ್ ಹಿಡಿದ ದಾರಿ ಬೇರೆ. ನಾಗರಿಕರ ಪತ್ರಗಳನ್ನು ತಡೆದು ನೋಡುವ ಅಧಿಕಾರವನ್ನು ಸರ್ಕಾರಕ್ಕೆ ಕೊಡುತ್ತಿದ್ದ 1986ರ ಅಂಚೆ ತಿದ್ದುಪಡಿ ಮಸೂದೆಗೆ ಅವರು ಅಂಕಿತವನ್ನೂ ಹಾಕಲಿಲ್ಲ, ಹಿಂದಿರುಗಿಸಲೂ ಇಲ್ಲ. 111ನೇ ವಿಧಿಯಲ್ಲಿ ದಿನಗಳ ಲೆಕ್ಕವಿಲ್ಲದ ಕಾರಣ ಅದು ಸಾಧ್ಯವಾಯಿತು, ಮಸೂದೆ ಕಾನೂನಾಗಲೇ ಇಲ್ಲ. ಫಲ ಒಳ್ಳೆಯದೇ ಆಯಿತು ಎನ್ನುವವರ ಜೊತೆ ನಾನು ಜಗಳವಾಡುವುದಿಲ್ಲ. ಆದರೆ ಬರೆದು ಹಿಂದಿರುಗಿಸುವ ರಾಷ್ಟ್ರಪತಿ ಕಾರಣ ಹೇಳಿರುತ್ತಾರೆ, ಕಪಾಟಿನಲ್ಲಿ ಇಟ್ಟುಕೊಳ್ಳುವ ರಾಷ್ಟ್ರಪತಿ ಹೇಳಿರುವುದಿಲ್ಲ.

ಸಲಹೆ ಕೊಡಲು ಬಹುಮತವುಳ್ಳ ಮಂತ್ರಿಮಂಡಲವೇ ಇಲ್ಲದ ಹೊತ್ತಿನಲ್ಲಿ ಮಾತ್ರ ರಾಷ್ಟ್ರಪತಿ ತಮ್ಮ ವಿವೇಕವನ್ನೇ ನೆಚ್ಚಬೇಕಾಗುತ್ತದೆ. ಅತಂತ್ರ ಲೋಕಸಭೆಯಲ್ಲಿ ಯಾರನ್ನು ಮೊದಲು ಕರೆಯಬೇಕು ಎಂಬ ಪ್ರಶ್ನೆಗೆ 1989ರಲ್ಲಿ ಆರ್. ವೆಂಕಟರಾಮನ್ ಅತಿ ದೊಡ್ಡ ಪಕ್ಷವನ್ನು ಮೊದಲು ಕೇಳಿದರು, 1998ರಲ್ಲಿ ನಾರಾಯಣನ್ ಬೆಂಬಲದ ಪತ್ರಗಳನ್ನು ತರಿಸಿಕೊಂಡರು. ಒಂದೇ ಪಕ್ಷಕ್ಕೆ ಸ್ಪಷ್ಟ ಬಹುಮತ ಬಂದ ದಿನ ಈ ವಿವೇಚನೆ ಕರಗಿಹೋಗುತ್ತದೆ.

ಇನ್ನು ಸಹಿ ಬಿದ್ದ ಮೇಲೆ ಏನು? 361ನೇ ವಿಧಿ ರಾಷ್ಟ್ರಪತಿಯನ್ನು ನ್ಯಾಯಾಲಯದಿಂದ ದೂರವಿಡುತ್ತದೆ, ಅವರ ಹೆಸರಿನಲ್ಲಿ ಹೊರಟ ಆದೇಶವನ್ನಲ್ಲ. ಇದನ್ನು ಗಟ್ಟಿಮಾಡಿದ್ದು ಕರ್ನಾಟಕದ್ದೇ ಪ್ರಕರಣ. 1989ರ ಏಪ್ರಿಲಿನಲ್ಲಿ ಎಸ್.ಆರ್. ಬೊಮ್ಮಾಯಿಯವರು ಸದನದಲ್ಲಿ ಬಹುಮತ ತೋರಿಸುತ್ತೇನೆ ಎಂದರೂ ರಾಜ್ಯಪಾಲರು ಒಪ್ಪದೆ ವರದಿ ಕಳಿಸಿದರು, 356ನೇ ವಿಧಿಯಡಿ ರಾಷ್ಟ್ರಪತಿ ಆಳ್ವಿಕೆಯ ಘೋಷಣೆ ಹೊರಟು ಸರ್ಕಾರ ವಜಾ ಆಯಿತು. 1994ರ ಮಾರ್ಚಿನಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಆ ಘೋಷಣೆ ಅಸಾಂವಿಧಾನಿಕವೆಂದಿತು. ಮಂತ್ರಿಗಳು ಏನು ಸಲಹೆ ಕೊಟ್ಟರು ಎಂಬುದನ್ನು 74(2)ರ ಪ್ರಕಾರ ಕೋರ್ಟು ಕೆದಕುವಂತಿಲ್ಲ, ಆದರೆ ಆ ಸಲಹೆಗೆ ಆಧಾರವಾದ ಸಾಮಗ್ರಿ ಏನಿತ್ತು ಎಂಬುದನ್ನು ತರಿಸಿ ನೋಡಬಹುದು ಎಂಬುದು ಅಲ್ಲಿ ನಿಂತ ತತ್ವ. ಬೊಮ್ಮಾಯಿಯವರಿಗೆ ಸರ್ಕಾರ ಮರಳಲಿಲ್ಲ, ತೀರ್ಪು ಬರುವಷ್ಟರಲ್ಲಿ ಐದು ವರ್ಷ ಕಳೆದಿತ್ತು. ಆ ತೀರ್ಪಿನ ಪಾಠ ಎಲ್ಲರಿಗೂ ಹತ್ತಿತೆಂದೂ ಅಲ್ಲ: 2005ರ ಮೇ ತಿಂಗಳಲ್ಲಿ ಸಂಪುಟ ರಾತ್ರೋರಾತ್ರಿ ಸೇರಿ, ಬಿಹಾರ ವಿಧಾನಸಭೆಯ ವಿಸರ್ಜನೆಗೆ ಮಾಸ್ಕೋದಲ್ಲಿದ್ದ ಕಲಾಂ ಅವರ ಸಹಿ ತರಿಸಿಕೊಂಡಿತು, ಸುಪ್ರೀಂ ಕೋರ್ಟು ಅದನ್ನೂ ಅಸಾಂವಿಧಾನಿಕವೆಂದಿತು. ಹಿಂದಿರುಗಿಸುವ ಹಕ್ಕು ಕೈಯಲ್ಲಿದ್ದೂ ಅಂದು ಬಳಕೆಯಾಗಲಿಲ್ಲ. ಜತ್ತಿಯವರು ತಡೆದ ಒಂದು ದಿನ ಇಲ್ಲಿ ನನಗೆ ಮತ್ತೆ ನೆನಪಾಗುತ್ತದೆ.

ನನ್ನ ಕಕ್ಷಿದಾರರ ಮನಸ್ಸಿನಲ್ಲಿದ್ದದ್ದು ಬಹುಶಃ 72ನೇ ವಿಧಿಯ ಕ್ಷಮಾದಾನ. ಅದು ಅಪರಾಧಕ್ಕೆ ವಿಧಿಸಿದ ಶಿಕ್ಷೆಗೆ ಸಂಬಂಧಿಸಿದ್ದು, ಹೊಲದ ಹಿಸ್ಸೆಗೆ ಅನ್ವಯಿಸುವುದಿಲ್ಲ. ಶಿಕ್ಷೆಯ ವಿಷಯದಲ್ಲೂ ರಾಷ್ಟ್ರಪತಿ ತೀರ್ಪನ್ನು ಅಳಿಸುವುದಿಲ್ಲ. ಸಾಕ್ಷ್ಯವನ್ನು ಸ್ವತಂತ್ರವಾಗಿ ನೋಡಿ ಶಿಕ್ಷೆಯನ್ನು ಕಡಿಮೆ ಮಾಡಬಹುದು, ಮನ್ನಿಸಬಹುದು, ಅಷ್ಟೇ ಎಂದು 1988ರ ಕೇಹರ್ ಸಿಂಗ್ ತೀರ್ಪು ಹೇಳಿದೆ. ಇಲ್ಲಿಯೂ ಕೆಲಸ ಗೃಹ ಸಚಿವಾಲಯದ ಸಲಹೆಯ ಮೇಲೆಯೇ. 1993ರ ಪಾಲಾರ್ ಸ್ಫೋಟದ ಪ್ರಕರಣದಲ್ಲಿ ಗಲ್ಲಿಗೆ ಗುರಿಯಾಗಿ ಬೆಳಗಾವಿಯ ಹಿಂಡಲಗಾ ಜೈಲಿನಲ್ಲಿದ್ದ ನಾಲ್ವರ ಅರ್ಜಿಗಳು ವರ್ಷಗಟ್ಟಲೆ ಕಾದು 2013ರ ಫೆಬ್ರುವರಿಯಲ್ಲಿ ತಿರಸ್ಕೃತವಾದವು. 2014ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಆ ನಾಲ್ವರೂ ಸೇರಿ 15 ಮಂದಿಯ ಗಲ್ಲನ್ನು ಜೀವಾವಧಿಗೆ ಇಳಿಸಿತು. ಅವರಲ್ಲಿ ಹೆಚ್ಚಿನವರ ವಿಷಯದಲ್ಲಿ ಮುಖ್ಯ ಕಾರಣ ವಿವರಣೆಯಿಲ್ಲದ ವಿಳಂಬ.

ಹಿರಿಯರಿಗೆ ನಾನು ತೋರಿಸಿದ ದಾರಿ ಸುಪ್ರೀಂ ಕೋರ್ಟಿನಲ್ಲಿ 136ನೇ ವಿಧಿಯ ವಿಶೇಷ ಅನುಮತಿ ಅರ್ಜಿ, ಅದಕ್ಕೆ ಇರುವ 90 ದಿನಗಳ ಗಡುವು. ಅವರು ಖರ್ಚಿನ ಅಂದಾಜು ಕೇಳಿ ಸುಮ್ಮನಾದರು, ಆಮೇಲೆ ನಾಲ್ಕು ಪುಟಗಳನ್ನು ರಿಜಿಸ್ಟರ್ಡ್ ಅಂಚೆಯಲ್ಲಿ ದೆಹಲಿಗೆ ಕಳಿಸಿಯೇಬಿಟ್ಟರು. ಅರ್ಜಿ ರಾಷ್ಟ್ರಪತಿಯವರ ಸಚಿವಾಲಯದಿಂದ ರಾಜ್ಯದ ಮುಖ್ಯ ಕಾರ್ಯದರ್ಶಿಗೆ, ಅಲ್ಲಿಂದ ಜಿಲ್ಲೆಗೆ, ಜಿಲ್ಲೆಯಿಂದ ತಾಲೂಕಿಗೆ ಇಳಿದು, ಅವರು ಯಾವ ಕಚೇರಿಯ ಮೇಲೆ ದೂರಿದ್ದರೋ ಅದೇ ಕಚೇರಿಯಿಂದ 'ವಿಷಯ ನ್ಯಾಯಾಲಯದಲ್ಲಿ ಇತ್ಯರ್ಥವಾಗಿದೆ' ಎಂಬ ಹಿಂಬರಹ ಬಂತು. ಆ ಹೊತ್ತಿಗೆ 90 ದಿನಗಳಲ್ಲಿ ಉಳಿದದ್ದು ಹನ್ನೊಂದು.

ಕಾಲದ ಪ್ರಶ್ನೆ ಅವರೊಬ್ಬರದಲ್ಲ. ರಾಜ್ಯಪಾಲರು ರಾಷ್ಟ್ರಪತಿಯ ಪರಿಶೀಲನೆಗೆಂದು ಕಾಯ್ದಿರಿಸುವ ರಾಜ್ಯದ ಮಸೂದೆಗಳಿಗೆ 201ನೇ ವಿಧಿ ಅನ್ವಯಿಸುತ್ತದೆ. ರಾಷ್ಟ್ರಪತಿ ಮಸೂದೆಯನ್ನು ಹಿಂದಿರುಗಿಸಿದರೆ ವಿಧಾನಮಂಡಲ ಆರು ತಿಂಗಳೊಳಗೆ ಮತ್ತೆ ಪರಿಶೀಲಿಸಬೇಕು, ಆದರೆ ರಾಷ್ಟ್ರಪತಿಗೆ ಗಡುವಿಲ್ಲ. ಮಂಡಲ ಮತ್ತೆ ಅಂಗೀಕರಿಸಿ ಕಳಿಸಿದರೂ, ಸಂಸತ್ತಿನ ಮಸೂದೆಯಂತೆ, ಅಂಕಿತ ಹಾಕಲೇಬೇಕೆಂಬ ಕಟ್ಟಳೆಯೂ ಇಲ್ಲ. 2025ರ ಏಪ್ರಿಲ್ 8ರಂದು ತಮಿಳುನಾಡಿನ ಪ್ರಕರಣದಲ್ಲಿ ಇಬ್ಬರು ನ್ಯಾಯಮೂರ್ತಿಗಳು ಮೂರು ತಿಂಗಳ ಮಿತಿ ಹಾಕಿದರು. ಮೇ ತಿಂಗಳಲ್ಲಿ ರಾಷ್ಟ್ರಪತಿಯವರು 143ನೇ ವಿಧಿಯಡಿ 14 ಪ್ರಶ್ನೆಗಳನ್ನು ಸುಪ್ರೀಂ ಕೋರ್ಟಿನ ಅಭಿಪ್ರಾಯಕ್ಕೆ ಕಳಿಸಿದರು. ನವೆಂಬರ್ 20ರಂದು ಐವರ ಪೀಠ, ಸಂವಿಧಾನದಲ್ಲಿಲ್ಲದ ಗಡುವನ್ನು ಕೋರ್ಟು ಹೇರುವಂತಿಲ್ಲ, ಗಡುವು ಮೀರಿತೆಂದು ಅಂಕಿತ ಸಿಕ್ಕಿದೆಯೆಂದು ಭಾವಿಸುವಂತೆಯೂ ಇಲ್ಲ ಎಂದಿತು. ರಾಜ್ಯಪಾಲರು ಕಾರಣ ಹೇಳದೆ ಬಹುಕಾಲ ಸುಮ್ಮನೆ ಕುಳಿತರೆ ತೀರ್ಮಾನಿಸಿ ಎಂಬ ಸೀಮಿತ ನಿರ್ದೇಶನ ಕೊಡಬಹುದು ಎಂದು ಸೇರಿಸಿತು.

ಸರ್ಕಾರಿ ಗುತ್ತಿಗೆಗಳ ಮೀಸಲಾತಿಗೆ ಸಂಬಂಧಿಸಿದ ಕರ್ನಾಟಕದ ತಿದ್ದುಪಡಿ ಮಸೂದೆಯನ್ನು ನಮ್ಮ ರಾಜ್ಯಪಾಲರು 2025ರ ಏಪ್ರಿಲಿನಲ್ಲಿ ಹೀಗೆಯೇ ಕಾಯ್ದಿರಿಸಿದರು. ಯಾವುದೇ ರಾಜ್ಯದ ಮಸೂದೆ 'ರಾಷ್ಟ್ರಪತಿಯವರ ಮುಂದಿದೆ' ಎಂದು ಪತ್ರಿಕೆಯಲ್ಲಿ ಓದಿದಾಗ, ಅದು ಕೇಂದ್ರ ಗೃಹ ಸಚಿವಾಲಯದ ಮೂಲಕ ಸಂಬಂಧಪಟ್ಟ ಸಚಿವಾಲಯಗಳ ಮೇಜುಗಳನ್ನು ಸುತ್ತುತ್ತಿದೆ, ರಾಷ್ಟ್ರಪತಿಗೆ ಕೊಡಬೇಕಾದ ಸಲಹೆ ಇನ್ನೂ ತಯಾರಾಗಿಲ್ಲ ಎಂದು ಓದಿಕೊಳ್ಳುವುದು ಹೆಚ್ಚು ಸರಿ.