18 ನಿಮಿಷದ ಹಾಡಿಗೆ ಕತ್ತರಿ ಹಾಕಿ ನೋಡೋಣ

ಹಳೇ ರಾಕ್ ಬ್ಯಾಂಡ್ ಒಂದು ದೊಡ್ಡ ಹಾಡು ಬಿಟ್ಟರೆ ಮೊದಲ ದಿನವೇ ಎರಡು ಮಾತು ಕೇಳಿಬರುತ್ತವೆ. ‘ಮಾಸ್ಟರ್‌ಪೀಸ್’, ಇಲ್ಲವೇ ‘ಇವರಿಗೆ ವಯಸ್ಸಾಯ್ತು’. ಎರಡೂ ಬ್ಯಾಂಡಿನ ಹೆಸರು ನೋಡಿ ಹೇಳಿದ್ದು. ಹಾಡು ಕೇಳಿ ಹೇಳಿದ್ದಲ್ಲ.

ಉದಾಹರಣೆಗೆ ಐರನ್ ಮೇಡನ್‌ನ ‘ಎಂಪೈರ್ ಆಫ್ ದ ಕ್ಲೌಡ್ಸ್’ ತಗೊಳ್ಳೋಣ. ಬ್ಯಾಂಡ್ ಶುರುವಾಗಿದ್ದು 1975ರಲ್ಲಿ, ಲಂಡನ್ನಿನಲ್ಲಿ. ಈ ಹಾಡು ಬಂದಿದ್ದು 2015ರಲ್ಲಿ, ಉದ್ದ 18 ನಿಮಿಷ. ಅದಕ್ಕೆ ಮುಂಚೆ ಅವರ ಅತಿ ಉದ್ದದ ಹಾಡು 1984ರದ್ದು. ಅದು 14 ನಿಮಿಷವೂ ಇಲ್ಲ.

ಆದರೆ ಉದ್ದವೇ ಸಾಹಸ ಅಲ್ಲ. ಒಂದೇ ರಿಫ್ ಅನ್ನು (ಮತ್ತೆ ಮತ್ತೆ ಬರುವ ಗಿಟಾರ್ ತುಣುಕು) ಎಳೆದರೂ 18 ನಿಮಿಷ ಆಗುತ್ತದೆ, ಅಲ್ವಾ? ನಾನು ಕೇಳುವ ಪ್ರಶ್ನೆ ಬೇರೆ: ಈ ಹಾಡಿಗಾಗಿ ಬ್ಯಾಂಡ್ ತನ್ನ ಯಾವ ಅಭ್ಯಾಸ ಬಿಟ್ಟಿತು? ಮೇಡನ್ ಎಂದರೆ ಮೂರು ಗಿಟಾರ್, ಜೊತೆಗೆ ಕುದುರೆ ಓಟದ ಹಾಗೆ ಬಡಿಯುವ ಸ್ಟೀವ್ ಹ್ಯಾರಿಸ್‌ನ ಬೇಸ್ ಗಿಟಾರ್. ಇಲ್ಲಿ ಹಾಡು ಪಿಯಾನೋದಿಂದ ಶುರುವಾಗುತ್ತದೆ. ಗಾಯಕ ಬ್ರೂಸ್ ಡಿಕಿನ್ಸನ್ ಇದನ್ನು ಕಟ್ಟಿದ್ದೇ ಪಿಯಾನೋ ಮೇಲೆ. 40 ವರ್ಷದ ಬ್ಯಾಂಡಿಗೆ ಇದು ಸಣ್ಣ ವಿಷಯವಲ್ಲ.

ಇನ್ನು ಕತ್ತರಿ. ಒಂದೊಂದೇ ಭಾಗವನ್ನು ಮನಸ್ಸಿನಲ್ಲೇ ಕಿತ್ತು ನೋಡಿ, ಏನು ಹಾಳಾಗುತ್ತದೆ ಅಂತ. ಅದಕ್ಕೆ ಈ ಹಾಡು ಹೇಳುವ ನಿಜವಾದ ಕಥೆ ಗೊತ್ತಿರಬೇಕು. ಆರ್101 ಎಂಬ ಬ್ರಿಟಿಷ್ ವಾಯುನೌಕೆ (ಅನಿಲ ತುಂಬಿ ಗಾಳಿಯಲ್ಲಿ ತೇಲುವ ನೌಕೆ) 1930ರ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್‌ನಿಂದ ಕರಾಚಿಗೆ ಹೊರಟಿತು. ಬೆಳಗಾಗುವ ಮುಂಚೆಯೇ ಫ್ರಾನ್ಸಿನ ಬೋವೆ ಹತ್ತಿರ ಬಿದ್ದು ಸುಟ್ಟುಹೋಯಿತು. ಒಳಗಿದ್ದ 54 ಜನರಲ್ಲಿ 48 ಮಂದಿ ಸತ್ತರು.

ಆರಂಭದ ಪಿಯಾನೋ ಕತ್ತರಿಸಿದರೆ? ಆಗಲ್ಲ. ಎಲ್ಲ ಮುಗಿದ ಮೇಲೆ ಕೊನೆಯಲ್ಲಿ ಪಿಯಾನೋ ವಾಪಸ್ ಬರುತ್ತದೆ. ಮೊದಲು ಹಾಯಾಗಿ ಕೇಳಿದ್ದು ಈಗ ಸಾವಿನ ಮನೆಯ ದನಿ ಆಗಿರುತ್ತದೆ. ಮೊದಲಿನದು ಇಲ್ಲದಿದ್ದರೆ ಈ ಪೆಟ್ಟು ತಾಗೋದೇ ಇಲ್ಲ. ನಡುವಿನ ವಾದ್ಯಗಳ ಭಾಗ? ಬಿರುಗಾಳಿಗೆ ಸಿಕ್ಕಿದ ನೌಕೆ ಒದ್ದಾಡಲೇಬೇಕು, ಒಪ್ಪಿದೆ. ಆದರೂ ಎರಡು ನಿಮಿಷ ತೆಗೆದರೆ ಯಾರಿಗೂ ಗೊತ್ತಾಗಲ್ಲ ಅನ್ನಿಸುತ್ತದೆ. (ಅಭಿಮಾನಿಗಳು ಸಿಟ್ಟಾಗಬೇಡಿ, ನಾನೂ ಅದೇ ಗುಂಪಿನವನೇ.)

ಇನ್ನೊಂದು ಮೋಸ ಹೋಲಿಕೆಯದು. 1984ರ ಹಾಡಿನ ಪಕ್ಕ ಇಟ್ಟಾಗ ಹಳೆಯದೇ ಗೆಲ್ಲುತ್ತದೆ. ಅದನ್ನು ನೂರು ಸಲ ಕೇಳಿದ್ದೇವೆ, ಹೊಸದನ್ನು ಎರಡು ಸಲ. ಹಾಗಾಗಿ ಮೊದಲ ಸಲ ಸುಮ್ನೆ ಕೇಳಿ. ಎರಡನೇ ಸಲ ಸಾಹಿತ್ಯ ಮುಂದಿಟ್ಟುಕೊಳ್ಳಿ. ವಾರ ಬಿಟ್ಟು ಮೂರನೇ ಸಲ ಕೇಳಿ, ಅಷ್ಟರಲ್ಲಿ ಯಾವ ತುಣುಕು ತಾನಾಗೇ ಬಾಯಿಗೆ ಬಂತು ಅಂತ ಬರೆದಿಡಿ. ನನಗೆ ಬಂದಿದ್ದು ಗಿಟಾರ್ ಅಲ್ಲ, ಆ ಪಿಯಾನೋ.