ಓದುಗರ ಪ್ರಶ್ನೆ: ಒಂದೇ ಹಕ್ಕಿಯನ್ನು ಎರಡು ಸಲ ಎಣಿಸಿಬಿಟ್ಟರೆ?

"ಮೈದನಹಳ್ಳಿಯಲ್ಲಿ ವಲಸೆ ಗಿಡುಗಗಳ ಎಣಿಕೆಗೆ ಬರಬೇಕು ಅಂತ ಆಸೆ. ಆದರೆ ಹಾರಾಡ್ತಾನೇ ಇರೋ ಹಕ್ಕಿಯನ್ನು ಎಣಿಸೋದು ಹೇಗೆ? ಒಂದನ್ನೇ ಎರಡು ಸಲ ಲೆಕ್ಕ ಹಾಕಲ್ವಾ?"

ಇಲ್ಲಿ ಹಗಲಲ್ಲಿ ಎಣಿಸಿದರೆ ಖಂಡಿತ ಹಾಗಾಗುತ್ತದೆ. ಅಮೆರಿಕದ ಹಾಕ್ ಮೌಂಟನ್‌ನಲ್ಲಿ 1934ರಲ್ಲೇ ಗಿಡುಗಗಳ ಎಣಿಕೆ ಶುರುವಾಯಿತು. ಅಲ್ಲಿ ಹಕ್ಕಿಗಳು ಬೆಟ್ಟದ ಸಾಲು ಹಿಡಿದು ದಕ್ಷಿಣಕ್ಕೆ ಹೋಗುತ್ತವೆ. ದಾಟಿದ್ದು ದಾಟಿತು, ಲೆಕ್ಕ ಸುಲಭ. ಮಧುಗಿರಿ ತಾಲ್ಲೂಕಿನ ಮೈದನಹಳ್ಳಿಯಲ್ಲಿರುವ ನಮ್ಮ ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಪ್ರದೇಶಕ್ಕೆ ಬರುವ ಹ್ಯಾರಿಯರ್‌ಗಳು, ಅಂದರೆ ಸೆಳೆವ ಎಂಬ ಬಗೆಯ ಗಿಡುಗಗಳು, ಹಾಗಲ್ಲ. ಮಧ್ಯ ಏಷ್ಯಾದ ಬಯಲುಗಳಿಂದ ಬಂದು ಚಳಿಗಾಲವೆಲ್ಲ ಇಲ್ಲೇ ಇರುತ್ತವೆ. ಬೆಳಗಿನಿಂದ ಸಂಜೆವರೆಗೆ ಹುಲ್ಲಿನ ಮೇಲೆ, ಸುತ್ತಲಿನ ಹೊಲಗಳ ಮೇಲೆ ಮಿಡತೆ, ಇಲಿ ಹುಡುಕುತ್ತಾ ಹೋಗಿ ಬಂದು ಮಾಡುತ್ತವೆ.

ಅದಕ್ಕೇ ಅವು ಮಲಗಲು ಬರುವ ಹೊತ್ತಿಗೆ ಕಾಯುವುದು. ಈ ಹಕ್ಕಿಗಳು ಮರ ಹುಡುಕುವುದಿಲ್ಲ. ನೆಲದ ಮೇಲೆ, ಹುಲ್ಲಿನ ನಡುವೆ, ಗುಂಪಾಗಿ ರಾತ್ರಿ ಕಳೆಯುತ್ತವೆ. ಎಣಿಸುವವರು ಐದು ಗಂಟೆಗೇ ದೂರದಲ್ಲಿ ಕೂರಬೇಕು, ಒಬ್ಬೊಬ್ಬರಿಗೆ ಒಂದೊಂದು ದಿಕ್ಕು.

ಒಂದು ಹೆಣ್ಣು ಹಕ್ಕಿ ರೆಕ್ಕೆ ಸ್ವಲ್ಪ ಮೇಲೆತ್ತಿಕೊಂಡು ತೇಲಿ ಬರುತ್ತದೆ. ಕಂದು ಮೈ, ಬಾಲದ ಬುಡದಲ್ಲಿ ಬಿಳಿ ಪಟ್ಟಿ. ಕಾಲು ಇಳಿಬಿಟ್ಟು ಹುಲ್ಲಿಗೆ ಇಳಿಯುತ್ತದೆ. ನೀವು ಗೀಟು ಹಾಕುತ್ತೀರಿ. ಅಷ್ಟರಲ್ಲಿ ಪಕ್ಕದಲ್ಲೇ ಇನ್ನೊಂದು ಇಳಿಯುತ್ತದೆ, ಎರಡೂ ಎದ್ದು ಸುತ್ತು ಹೊಡೆದು ಬೇರೆ ಕಡೆ ಕೂರುತ್ತವೆ. ನಾನು ಮೊದಲ ಸಲ ಹೋದಾಗ ಇಲ್ಲೇ ಕೈಚೆಲ್ಲಿ ಕೂತಿದ್ದೆ.

ಉಪಾಯ ಸರಳ. ಪುಸ್ತಕದಲ್ಲಿ ಎರಡು ಸಾಲು ಮಾಡಿಕೊಳ್ಳಿ. ಇಳಿದರೆ ಒಂದರಲ್ಲಿ ಗೀಟು, ಎದ್ದರೆ ಇನ್ನೊಂದರಲ್ಲಿ. ಪಕ್ಕದಲ್ಲಿ ಹೊತ್ತು, ಬಂದ ದಿಕ್ಕು. ಪೂರ್ತಿ ಕತ್ತಲಾದ ಮೇಲೆ ಇಳಿದದ್ದರಲ್ಲಿ ಎದ್ದದ್ದನ್ನು ಕಳೆದರೆ ಅವತ್ತು ತಂಗಿದ ಹಕ್ಕಿಗಳ ಲೆಕ್ಕ ಸಿಗುತ್ತದೆ. ಇಬ್ಬರ ನೋಟಕ್ಕೂ ಒಂದೇ ಹಕ್ಕಿ ಬಿದ್ದಿದ್ದರೆ ಹೊತ್ತು ನೋಡಿ ಒಬ್ಬರ ಗೀಟನ್ನು ಹೊಡೆದುಹಾಕುತ್ತಾರೆ.

ಜಾತಿ ಗುರುತಿಸಲು ಬರಲ್ಲ ಅಂತ ಹಿಂಜರಿಯಬೇಡಿ. ಮಾಂಟೆಗು, ಪ್ಯಾಲಿಡ್ ಹ್ಯಾರಿಯರ್‌ಗಳ ಹೆಣ್ಣು ಹಕ್ಕಿಗಳು ನುರಿತವರನ್ನೂ ತಬ್ಬಿಬ್ಬು ಮಾಡುತ್ತವೆ. ಗೊತ್ತಾಗದಿದ್ದರೆ ಸುಮ್ನೆ 'ಹ್ಯಾರಿಯರ್' ಅಂತ ಬರೆಯಿರಿ. ನನ್ನ ಮಟ್ಟಿಗೆ ಊಹಿಸಿ ಬರೆದ ಹೆಸರಿಗಿಂತ ಅದೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ಅರಣ್ಯ ಇಲಾಖೆಯ ಅನುಮತಿ ಮೊದಲೇ ಪಡೆಯಿರಿ. ಮಾಸಲು ಬಣ್ಣದ ಬಟ್ಟೆ ಹಾಕಿಕೊಳ್ಳಿ. ವಾಪಸ್ ಬರುವಾಗ ಟಾರ್ಚನ್ನು ಕಾಲಬುಡಕ್ಕಷ್ಟೇ ಹಿಡಿಯಿರಿ, ಹುಲ್ಲಿನ ಕಡೆ ಬೇಡ. ಅವು ಆಗಷ್ಟೇ ಮಲಗಿರುತ್ತವೆ.