ಚಾ ಕುಡಿದು ಎದ್ದ ಮೇಲೆ ಕೇಳುವ ಪ್ರಶ್ನೆ

ನಮ್ಮ ಕಡೆ ಕನ್ಯಾ ನೋಡಿ ಬಂದ ಮರುದಿನ ಮಧ್ಯಸ್ಥರು ಎರಡೂ ಮನೆಗೆ ಫೋನ್ ಮಾಡುತ್ತಾರೆ. 'ಹ್ಯಾಂಗ್ ಆತ್ರಿ?' ಅನ್ನುತ್ತಾರೆ. 'ಹುಡುಗ ಛಲೋ ಅದಾನ್ರಿ, ಆದ್ರ ಕುಂಡಲಿ ಕೂಡವಲ್ದು' ಅಂತ ಉತ್ತರ ಬರುತ್ತದೆ. ಕುಂಡಲಿ ಬರೀ ನೆಪ ಅಂತ ಪಳಗಿದ ಮಧ್ಯಸ್ಥರಿಗೆ ಗೊತ್ತು. ಹುಡುಗ ತುಟಿ ಬಿಚ್ಚಿಲ್ಲ, ಇಲ್ಲಾ ಅವನ ಅವ್ವ ಜಾಸ್ತಿ ಬಿಚ್ಚಿದ್ದಾಳೆ. ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡೇ ಅವರು ಮುಂದಿನ ಮನೆ ತೋರಿಸುತ್ತಾರೆ.

ಬಹಳಷ್ಟು ಡೇಟಿಂಗ್ ಆ್ಯಪ್‌ಗಳು ಈ ಮರುದಿನದ ಫೋನ್ ಮಾಡುವುದಿಲ್ಲ. ಹುಬ್ಬಳ್ಳಿಯಲ್ಲಿ ಕುಳಿತು ಇಂಥದ್ದೇ ಒಂದು ಸಣ್ಣ ಆ್ಯಪ್‌ನಲ್ಲಿ ಯಾರಿಗೆ ಯಾರ ಪ್ರೊಫೈಲ್ ತೋರಿಸಬೇಕು ಅನ್ನುವ ಲೆಕ್ಕ ಬರೆಯುವುದು ನನ್ನ ಕೆಲಸ. ಆ ಲೆಕ್ಕಕ್ಕೆ ಕಾಣುವುದು ಬೆರಳು ಮಾತ್ರ. ಬೇಡ ಅಂತ ಎಡಕ್ಕೆ ಸರಿಸಿದರೋ, ಇಷ್ಟ ಅಂತ ಬಲಕ್ಕೋ, ಎಷ್ಟು ಹೊತ್ತು ಫೋಟೋ ನೋಡಿದರು, ಎಷ್ಟು ಮೆಸೇಜ್ ಹಾಕಿದರು, ಇಷ್ಟೇ. ಹಾಗಾಗಿ ಅದು ಚೆಂದದ ಫೋಟೋ ಹುಡುಕುವುದನ್ನು ಚೆನ್ನಾಗಿ ಕಲಿಯುತ್ತದೆ. ಉಣಕಲ್ ಕೆರೆ ದಂಡೆಯಲ್ಲಿ ಎದುರುಬದುರು ಕುಳಿತಾಗ ಮಾತು ಹತ್ತಿತೋ ಇಲ್ಲವೋ, ಅದಕ್ಕೆ ಗೊತ್ತೇ ಆಗುವುದಿಲ್ಲ.

ಹಿಂದೆ ಟಿಂಡರ್ ಅನ್ನುವ ದೊಡ್ಡ ಡೇಟಿಂಗ್ ಆ್ಯಪ್, ಚೆಸ್ ಆಟಗಾರರ ಎಲೋ ರೇಟಿಂಗ್ ಥರದ ಒಂದು ಅಂಕ ಬಳಸುತ್ತಿತ್ತು. ಜಾಸ್ತಿ ಅಂಕದವರು ನಿಮ್ಮನ್ನು ಮೆಚ್ಚಿದರೆ ನಿಮ್ಮ ಅಂಕವೂ ಏರುತ್ತಿತ್ತು. ಈಗ ಅದನ್ನು ಬಿಟ್ಟಿದ್ದೇವೆ ಅಂತ 2019ರಲ್ಲಿ ಕಂಪನಿ ಹೇಳಿತು. ಅಂಕ ಹೋದರೂ ಬೆರಳನ್ನೇ ನಂಬುವ ಚಾಳಿ ಈ ಧಂದೆಯಿಂದ ಹೋಗಿಲ್ಲ.

ಹಾಗಾದರೆ ಮೊದಲೇ ಜಾಸ್ತಿ ಪ್ರಶ್ನೆ ಕೇಳಿದರೆ ಆಗುವುದಿಲ್ಲವೇ? 2017ರಲ್ಲಿ ಮನಶ್ಶಾಸ್ತ್ರಜ್ಞರಾದ ಸಮಾಂತಾ ಜೋಯೆಲ್, ಪಾಲ್ ಈಸ್ಟ್‌ವಿಕ್, ಎಲಿ ಫಿಂಕೆಲ್ ಒಂದು ಅಧ್ಯಯನ ಪ್ರಕಟಿಸಿದರು. ಒಬ್ಬೊಬ್ಬರ ಸ್ವಭಾವ, ಇಷ್ಟಾನಿಷ್ಟಗಳ ಬಗ್ಗೆ ನೂರಕ್ಕೂ ಹೆಚ್ಚು ವಿವರ ತೆಗೆದುಕೊಂಡು, ಆಮೇಲೆ ಚುಟುಕು ಭೇಟಿಗಳನ್ನು ಮಾಡಿಸಿದ್ದರು. ಯಾರು ಎಲ್ಲರನ್ನೂ ಸಲೀಸಾಗಿ ಮೆಚ್ಚುತ್ತಾರೆ, ಯಾರನ್ನು ಬಹಳ ಜನ ಮೆಚ್ಚುತ್ತಾರೆ ಅನ್ನುವುದನ್ನು ಕಂಪ್ಯೂಟರ್ ಸ್ವಲ್ಪ ಮಟ್ಟಿಗೆ ಊಹಿಸಿತು. ಈ ಹುಡುಗಿಗೆ ಈ ಹುಡುಗನೇ ಯಾಕೆ ಹಿಡಿಸುತ್ತಾನೆ ಅನ್ನುವುದನ್ನು ಮಾತ್ರ ಊಹಿಸಲಿಕ್ಕೆ ಆಗಲಿಲ್ಲ. ಓದಿ ನನಗೆ ಬೇಜಾರಾಯಿತು, ಹೊಟ್ಟೆಪಾಡಿನ ಪ್ರಶ್ನೆ ಅಲ್ವಾ! ಆದರೆ ದಾರಿಯೂ ಅಲ್ಲೇ ಇತ್ತು. ಭೇಟಿಗೆ ಮುಂಚೆ ತಿಳಿಯದ್ದನ್ನು ಭೇಟಿ ಮುಗಿದ ಮೇಲೆ ಕೇಳಬೇಕು. ಹಿಂಜ್ ಆ್ಯಪ್ 2018ರಲ್ಲೇ 'ವಿ ಮೆಟ್' ಅಂತ ಇದನ್ನು ಶುರು ಮಾಡಿತ್ತು. ನಂಬರ್ ಕೊಟ್ಟು ತಗೊಂಡವರನ್ನು ಕೆಲವು ದಿನ ಬಿಟ್ಟು ಕೇಳುತ್ತದೆ: ಭೇಟಿಯಾದಿರಾ, ಇಂಥವರನ್ನು ಮತ್ತೆ ನೋಡಲು ಇಷ್ಟವೇ?

ನಾವು ಕೇಳಲು ಹೋಗಿ ಮೊದಲು ಎಡವಿದೆವು. ಭೇಟಿಗೆ ಗೊತ್ತುಮಾಡಿಕೊಂಡ ದಿನವೇ ರಾತ್ರಿ ಒಂಬತ್ತಕ್ಕೆ 'ನಿಮ್ಮ ಭೇಟಿ ಹೇಗಿತ್ತು? ಸ್ಟಾರ್ ಕೊಡಿ' ಅಂತ ನೋಟಿಫಿಕೇಶನ್ ಬಿಟ್ಟೆವು. ಧಾರವಾಡದ ಒಬ್ಬ ಹುಡುಗಿಯ ಫೋನ್ ಆಗ ಅವಳ ಅವ್ವನ ಕೈಯಲ್ಲಿತ್ತು. ಮರುದಿನ ಬಂದ ದೂರನ್ನು ನಾನು ಈಗಲೂ ಇಟ್ಟುಕೊಂಡಿದ್ದೇನೆ. ಸ್ಟಾರ್‌ಗಳ ಕಥೆ ಇನ್ನೊಂದು. ಪಾಪ ಅಂತ ಹೆಚ್ಚಿನವರು ಐದಕ್ಕೆ ಐದು ಕೊಟ್ಟರು, ಆಮೇಲೆ ಅದೇ ವ್ಯಕ್ತಿಯ ಮೆಸೇಜ್‌ಗೆ ಉತ್ತರ ಕೊಡಲಿಲ್ಲ. ಕುಂಡಲಿ ಕೂಡಲಿಲ್ಲ ಅನ್ನುವುದರ ಹೊಸ ರೂಪ ಇದು.

ಈಗ ನೋಟಿಫಿಕೇಶನ್ ಇಲ್ಲ. ಎರಡು ದಿನ ಬಿಟ್ಟು ಅವರಾಗಿಯೇ ಆ್ಯಪ್ ತೆರೆದಾಗ ಒಂದೇ ಪ್ರಶ್ನೆ: 'ಇನ್ನೊಮ್ಮೆ ಭೇಟಿ ಆಗ್ತೀರಾ?' ಇಲ್ಲ ಅಂದರೆ ಯಾಕೆ ಅಂತ ಆರಿಸಲು ನಾಲ್ಕು ಕಾರಣ: ಮಾತು ಹತ್ತಲಿಲ್ಲ, ದೂರ ಆಯ್ತು, ಪ್ರೊಫೈಲ್‌ನಲ್ಲಿ ಇದ್ದಂತೆ ಇರಲಿಲ್ಲ, ನಡವಳಿಕೆ ಸರಿ ಇರಲಿಲ್ಲ.

ಈ ನಾಲ್ಕನ್ನು ಒಂದೇ ಚೀಲಕ್ಕೆ ತುಂಬಬಾರದು. ಮಾತು ಹತ್ತಲಿಲ್ಲ ಅನ್ನುವುದು ಆ ಜೋಡಿಯ ಸಂಗತಿ. ಅದಕ್ಕೆ ಆ ಹುಡುಗನನ್ನೇ ಕೆಳಗೆ ತಳ್ಳಿದರೆ ನಾಚಿಕೆ ಸ್ವಭಾವದವರೆಲ್ಲ ಪಟ್ಟಿಯ ತಳಕ್ಕೆ ಹೋಗುತ್ತಾರೆ. ವಯಸ್ಸು ಮುಚ್ಚಿಟ್ಟಿದ್ದು, ಮದುವೆಯಾಗಿದ್ದನ್ನು ಹೇಳದೇ ಇದ್ದದ್ದು ಆ ವ್ಯಕ್ತಿಯದೇ ತಪ್ಪು. ನಡವಳಿಕೆಯ ದೂರು ನನ್ನ ಲೆಕ್ಕಕ್ಕೆ ಬರುವುದೇ ಇಲ್ಲ, ನೇರವಾಗಿ ಮನುಷ್ಯರ ಕೈಗೆ ಹೋಗುತ್ತದೆ. ಇನ್ನು ದೂರದ ವಿಷಯ. ಹುಬ್ಬಳ್ಳಿ–ಧಾರವಾಡ ಇಪ್ಪತ್ತು ಚಿಲ್ಲರೆ ಕಿಲೋಮೀಟರ್. ಎರಡೂ ಊರಿನ ನಡುವೆ ಓಡುವ ಚಿಗರಿ ಬಸ್ ಹತ್ತಿ ಬರುವವರು ಇದನ್ನು ದೂರ ಅನ್ನಲೇ ಇಲ್ಲ. ಗದಗಿನವರು ಅಂದರು. ಅದನ್ನು ನಾವು ಮೊದಲು 'ಇಷ್ಟವಿಲ್ಲ' ಅಂತ ಎಣಿಸಿ, ಗದಗಿನವರಿಗೆ ಸುಮ್ನೆ ಅನ್ಯಾಯ ಮಾಡಿದ್ದೆವು.

ಉತ್ತರ ಬಹಳ ಕಡಿಮೆ ಬರುತ್ತದೆ ಅನ್ನುವುದು ಇನ್ನೊಂದು ತಲೆನೋವು. ಲೆಕ್ಕಕ್ಕೆ ಅಂತ ಇಟ್ಟುಕೊಳ್ಳಿ, 1,000 ಪ್ರೊಫೈಲ್ ತೋರಿಸಿದರೆ 100 ಮೆಚ್ಚುಗೆ, 10 ಜೋಡಿ, 1 ಭೇಟಿ. ಆ ಒಂದರಿಂದಲೇ ಕಲಿಯಲು ಹೊರಟರೆ ವರ್ಷಗಟ್ಟಲೆ ಕಾಯಬೇಕು. ಅದಕ್ಕೆ ಬೆರಳಿನ ಲೆಕ್ಕವನ್ನು ಪೂರ್ತಿ ಬಿಡದೆ, ಭೇಟಿಯ ಉತ್ತರಕ್ಕೆ ಹೆಚ್ಚು ತೂಕ ಕೊಟ್ಟು ಎರಡನ್ನೂ ಕೂಡಿಸುತ್ತೇವೆ. ಇಷ್ಟಾದರೂ ಭೇಟಿಯಾದವರೆಲ್ಲ ಫೋಟೋ ಜರಡಿಯಲ್ಲಿ ಸೋಸಿ ಬಂದವರೇ. ಅದಕ್ಕೇ ದಿನಕ್ಕೆ ಒಂದೆರಡು ಪ್ರೊಫೈಲ್‌ಗಳನ್ನು ಲೆಕ್ಕ ಬೇಡ ಅಂದರೂ ತೋರಿಸುತ್ತೇವೆ. ಜರಡಿಯಲ್ಲಿ ಸಿಕ್ಕಿಬಿದ್ದವರು ಎಂಥವರು ಅಂತ ತಿಳಿಯಲು ನನಗೆ ಬೇರೆ ದಾರಿ ಗೊತ್ತಿಲ್ಲ.

ಎರಡೂ ಫೋನ್ ಒಂದೇ ಕಡೆ ಗಂಟೆಗಟ್ಟಲೆ ಇದ್ದರೆ ಭೇಟಿಯಾಯಿತು ಅಂತ ಕೇಳದೆಯೇ ತಿಳಿಯಬಹುದಲ್ಲ ಅಂತ ನಮ್ಮ ಒಬ್ಬ ಹುಡುಗ ಕೇಳಿದ. ತಿಳಿಯಬಹುದು. ನಾನು ಬೇಡ ಅಂದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಒಪ್ಪಿಗೆ ಕೇಳು ಅನ್ನುತ್ತದೆ, ಅದು ಒಂದು. ಕಾಯ್ದೆ ಇರದಿದ್ದರೂ, ಯಾರು ಯಾರ ಜೊತೆ ಕುಳಿತಿದ್ದರು ಅನ್ನುವ ಸುದ್ದಿ ಹೊರಬಿದ್ದರೆ ಕಷ್ಟ, ಈ ಊರಿನಲ್ಲಿ ಯಾರ ಬೀಗರು ಯಾರಿಗೆ ಗೆಳೆಯರೋ ಹೇಳಲಾಗದು. ಬಂದ ಅಭಿಪ್ರಾಯವನ್ನು ಎದುರಿನವರಿಗೂ ತೋರಿಸುವುದಿಲ್ಲ. ತಿಂಗಳಿಗೆ ಒಬ್ಬಳನ್ನೇ ಭೇಟಿಯಾದವನಿಗೆ, ಹೆಸರು ಮುಚ್ಚಿದರೂ ಅದನ್ನು ಬರೆದವರು ಯಾರು ಅಂತ ಗೊತ್ತಾಗದೇ ಇರುತ್ತದೆಯೇ?

ಬಗೆಹರಿಯದೆ ಉಳಿದದ್ದು ಒಂದಿದೆ. ನಿಜವಾಗಿಯೂ ಕೂಡಿಬಂದ ಜೋಡಿ ಆ್ಯಪ್ ಡಿಲೀಟ್ ಮಾಡಿ ಹೋಗುತ್ತದೆ. ಬೇಸತ್ತವರೂ ಡಿಲೀಟ್ ಮಾಡುತ್ತಾರೆ. ನನ್ನ ಪರದೆಯ ಮೇಲೆ ಎರಡೂ ಒಂದೇ ಥರ ಕಾಣುತ್ತವೆ. ಹೋಗುವಾಗ 'ಯಾರಾದರೂ ಸಿಕ್ಕರಾ?' ಅಂತ ಕೇಳುವ ಒಂದು ಸಾಲು ಸೇರಿಸಿದ್ದೇವೆ. ಬಹಳಷ್ಟು ಜನ ಅದನ್ನು ದಾಟಿ ಹೋಗುತ್ತಾರೆ. ಹೋದ ತಿಂಗಳು ಒಬ್ಬರು ಬರೆದಿದ್ದರು: 'ಸಿಕ್ಕಾರ್ರಿ. ಮನ್ಯಾಗ ಇನ್ನೂ ಹೇಳಿಲ್ಲ.'